ಲೋಟದೊಳಗಿನ ಇಪ್ಪತ್ತು ಚೀಟಿ

ನನ್ನ ಮೇಜಿನ ಮೇಲೆ, ಮಾನಿಟರ್ ಪಕ್ಕದಲ್ಲೇ ಒಂದು ಸ್ಟೀಲ್ ಲೋಟ ಇದೆ. ಅದರಲ್ಲಿ 1ರಿಂದ 20ರ ತನಕ ಅಂಕಿ ಬರೆದು ಮಡಚಿಟ್ಟ ಇಪ್ಪತ್ತು ಚೀಟಿಗಳು. ಆಫೀಸಿನ ವಿಡಿಯೋ ಕಾಲ್‌ನಲ್ಲಿ ಯಾರ ಕಣ್ಣಿಗಾದ್ರೂ ಬಿದ್ದರೆ "ಏನ್ ಗುರು, ಚೀಟಿ ವ್ಯವಹಾರ ಶುರು ಮಾಡಿದ್ಯಾ?" ಅಂತ ಕೇಳ್ತಾರೆ. ನಕ್ಕು ಸುಮ್ಮನಾಗ್ತೇನೆ. ಯಾಕಂದ್ರೆ ವಿವರಿಸೋಕೆ ಹೊರಟರೆ ಸಾಗರದ ಹತ್ತಿರದ ನಮ್ಮೂರಿನ ಅಡಿಕೆ ತೋಟದಿಂದ ಶುರು ಮಾಡಿ, ಇನ್ನೂರು ವರ್ಷದ ಹಿಂದಿನ ಪ್ರಷ್ಯಾ ದೇಶದ ಸೈನ್ಯದ ತನಕ ಹೋಗಬೇಕಾಗ್ತದೆ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಇಲ್ಲಿ ಹೇಳ್ತೇನೆ.

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಎರಡು ವಾರ ಆಗಿತ್ತು. ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. "ಇವೆರಡೂ ಹೀಗೇ ಮನೆಯೊಳಗೆ ಕೂತರೆ ಒಬ್ಬರ ತಲೆ ಒಬ್ಬರು ಒಡೀತಾರೆ. ನೀನು ಆಫೀಸಿನವರ ಜೊತೆ ಏನೋ ರಾಕ್ಷಸರ ಆಟ ಆಡ್ತಿದ್ಯಲ್ಲ, ಅದನ್ನ ಇವಕ್ಕೂ ಆಡಿಸೋ ಮಾರಾಯ."

ರಾಕ್ಷಸರ ಆಟ ಅಂದ್ರೆ ಡಂಜನ್ಸ್ ಅಂಡ್ ಡ್ರಾಗನ್ಸ್. ಗೊತ್ತಿಲ್ಲದವರಿಗೆ ಎರಡೇ ಮಾತು. ಒಬ್ಬರು ಕಥೆ ನಡೆಸುವವರು, ಅವರಿಗೆ ಡಂಜನ್ ಮಾಸ್ಟರ್ ಅಂತಾರೆ. ಉಳಿದವರು ತಲಾ ಒಂದು ಪಾತ್ರ. ಕಥೆ ನಡೆಸುವವರು ಒಂದು ಸನ್ನಿವೇಶ ಹೇಳಿ "ಈಗ ಏನು ಮಾಡ್ತೀಯಾ?" ಅಂತ ಕೇಳ್ತಾರೆ. ಆಡುವವರು ಏನು ಬೇಕಾದರೂ ಹೇಳಬಹುದು. ಹೇಳಿದ್ದು ನಡೆಯುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ 20 ಮುಖದ ದಾಳ ಉರುಳಿಸೋದು. ದೊಡ್ಡ ಸಂಖ್ಯೆ ಬಿದ್ದರೆ ಆಯ್ತು, ಚಿಕ್ಕದು ಬಿದ್ದರೆ ಕೆಟ್ಟಿತು. ಬೋರ್ಡ್ ಇಲ್ಲದಿದ್ದರೂ ನಡೀತದೆ. ಗೆದ್ದವರು ಸೋತವರು ಅಂತ ಕೊನೆಗೆ ಯಾರೂ ಇರೋದಿಲ್ಲ.

ಅಕ್ಕನ ಮಗಳು ಪುಟ್ಟಿಗೆ ಆಗ 13, ತಮ್ಮ ಅಪ್ಪುಗೆ 10. ಹುಬ್ಬಳ್ಳಿಯಿಂದ ಅತ್ತೆ ಮಗಳು ಸೇರಿಕೊಂಡಳು, ಕಾಲೇಜಿನವಳು. ಅವಳಿಂದ ಸುದ್ದಿ ತಿಳಿದು ಊರಿನಿಂದ ಒಂದು ಮೆಸೇಜ್ ಬಂತು: "ಅಣ್ಣ, ನಾನೂ ಬರ್ಲಾ?" ಅದು ಮಾಣಿ. ಚಿಕ್ಕಪ್ಪನ ಮಗ, 15 ವರ್ಷ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ಆಗ ಆರು ವರ್ಷದಿಂದ ಮಾತಿರಲಿಲ್ಲ. ಮನೆ ಪಾಲಾಗಿತ್ತು, ತೋಟ ಪಾಲಾಗಿತ್ತು, ಜಗುಲಿ ನಡುವೆ ಗೋಡೆ ಎದ್ದಿತ್ತು. ಉಳಿದಿದ್ದು ತೋಟಕ್ಕೆ ಇಳಿಯುವ ದಾರಿ ಯಾರದ್ದು ಅನ್ನೋ ತಕರಾರು. ಅಳೆಯೋಕೆ ಬಂದವರು ಮೂರು ಸಲ ಅಳೆದರು. ಮೂರು ಸಲವೂ ಒಬ್ಬರಿಗೆ ಆ ಅಳತೆ ಮೇಲೆ ನಂಬಿಕೆ ಬರಲಿಲ್ಲ. ದೊಡ್ಡವರು ಬಿಟ್ಟ ಮಾತನ್ನ ನಾವೂ ಬಿಟ್ಟಿದ್ವಿ. ಹಬ್ಬಕ್ಕೆ ಊರಿಗೆ ಹೋದಾಗ ಮಾಣಿ ಗೋಡೆಯಾಚೆಯಿಂದ ಇಣುಕಿ ನಗೋನು, ನಾನೂ ನಗ್ತಿದ್ದೆ, ಅಷ್ಟೇ. "ಬಾರೋ" ಅಂತ ಉತ್ತರ ಬರೆದೆ.

ಇನ್ನು ಪ್ರಷ್ಯಾಕ್ಕೆ ಹೋಗೋಣ.

1812ರಲ್ಲಿ ಫಾನ್ ರೈಸ್‌ವಿಟ್ಸ್ ಅನ್ನೋ ಒಬ್ಬ ಪ್ರಷ್ಯನ್ ಅಧಿಕಾರಿ ತಮ್ಮ ರಾಜನಿಗೆ ಒಂದು ಯುದ್ಧದ ಆಟ ಮಾಡಿಕೊಟ್ಟರು. ಗುಡ್ಡ, ಹೊಳೆ, ರಸ್ತೆ ಎಲ್ಲ ಬೇಕಾದಂತೆ ಜೋಡಿಸಬಹುದಾದ ಚೌಕಗಳಿದ್ದ ದೊಡ್ಡ ಮೇಜು ಅದು. ಅವರ ಮಗ ಸೈನ್ಯದಲ್ಲಿ ತೋಪುಗಾರಿಕೆಯ ಲೆಫ್ಟಿನೆಂಟ್. ಅವನು ಅಪ್ಪನ ಆಟವನ್ನ ತಿದ್ದಿ, ನಿಜವಾದ ಭೂಪಟದ ಮೇಲೆ ಆಡುವ ಹಾಗೆ ಮಾಡಿ 1824ರಲ್ಲಿ ಪ್ರಕಟಿಸಿದ. ಹೆಸರು ಕ್ರೀಗ್‌ಸ್ಪೀಲ್, ಅಂದ್ರೆ ಯುದ್ಧದಾಟ. ಕೆಂಪು ಸೈನ್ಯ, ನೀಲಿ ಸೈನ್ಯ. ಚದುರಂಗದಲ್ಲಿ ಇಲ್ಲದ ಒಂದು ಹೊಸ ವಿಷಯ ಇಲ್ಲಿತ್ತು: ನಡುವೆ ಒಬ್ಬ ಮಧ್ಯಸ್ಥ. ಎರಡೂ ಕಡೆಯವರು ತಮ್ಮ ಆಜ್ಞೆಯನ್ನ ಬರೆದು ಅವನಿಗೆ ಕೊಡಬೇಕು. ಅವನು ಕಾಯಿ ನಡೆಸಿ, ದಾಳ ಉರುಳಿಸಿ, ಕೋಷ್ಟಕ ನೋಡಿ, ಏನಾಯ್ತು ಅಂತ ಹೇಳ್ತಾನೆ. ವೈರಿ ಎಲ್ಲಿದ್ದಾನೆ ಅನ್ನೋದು ಆಡುವವರಿಗೆ ಕಾಣೋದಿಲ್ಲ. ಮಧ್ಯಸ್ಥ ಹೇಳಿದಷ್ಟೇ ಗೊತ್ತು.

ಅಂದ್ರೆ ಆಟ ಮೇಜಿನ ಮೇಲಿಂದ ಎದ್ದು ಒಬ್ಬ ಮನುಷ್ಯನ ತಲೆಯೊಳಗೆ ಹೋಗಿ ಕೂತಿತು. ಆಗ ಒಂದು ಪ್ರಶ್ನೆ ಹುಟ್ಟಲೇಬೇಕು. ಅವನು ಹೇಳಿದ್ದನ್ನ ಯಾಕೆ ನಂಬಬೇಕು? ರೈಸ್‌ವಿಟ್ಸ್ ಉತ್ತರ: ದಾಳ ಮತ್ತು ಕೋಷ್ಟಕ ಇದೆಯಲ್ಲ, ಅದನ್ನ ನಂಬಿ. ಆದರೆ ನಿಯಮ ಬೆಳೆದು ಬೆಳೆದು, ಮಧ್ಯಸ್ಥನಾಗೋಕೆ ಯಾರೂ ಮುಂದೆ ಬರದ ಸ್ಥಿತಿ ಬಂತು. 1876ರಲ್ಲಿ ಫಾನ್ ವೆರ್ಡಿ ಡು ವೆರ್ನುವಾ ಅನ್ನೋ ಸೇನಾಧಿಕಾರಿ ಇನ್ನೊಂದು ಉತ್ತರ ಕೊಟ್ಟರು: ಕೋಷ್ಟಕ ಪಕ್ಕಕ್ಕಿಡಿ, ಅನುಭವ ಇರೋ ಮಧ್ಯಸ್ಥನನ್ನ ಕೂರಿಸಿ, ಅವನ ವಿವೇಚನೆ ನಂಬಿ. ನಿಯಮವನ್ನ ನಂಬೋದಾ, ಮನುಷ್ಯನನ್ನ ನಂಬೋದಾ? ಈ ಆಟದ ಮುಂದಿನ ಇತಿಹಾಸವೆಲ್ಲ ಈ ಎರಡರ ನಡುವಿನ ಜೀಕುವಿಕೆ. ನಮ್ಮ ಜಗುಲಿಯದ್ದೂ ಅದೇ ಅಂತ ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಆಟಕ್ಕೆ ನಾನು ಭರ್ಜರಿ ತಯಾರಿ ಮಾಡಿದ್ದೆ. ಇಂಗ್ಲಿಷಿನ ಕೋಟೆ ಕೊತ್ತಲ ಬೇಡ ಅಂತ, ಕಥೆಯನ್ನ ಶರಾವತಿ ಕಣಿವೆಗೆ ತಂದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿ, ಪೋರ್ಚುಗೀಸರ ಬಾಯಲ್ಲಿ ಕಾಳುಮೆಣಸಿನ ರಾಣಿ, ಅವಳ ಕಾಲ. ಮಕ್ಕಳು ಹೇರೆತ್ತಿನ ಮೇಲೆ ಮೆಣಸು ಹೇರಿಕೊಂಡು ಘಟ್ಟ ಇಳಿಯುವವರು. ಡ್ರ್ಯಾಗನ್ ಬದಲು ಹುಲಿ, ಸುಂಕದವರು, ದಾರಿಗಳ್ಳರು. ಆನ್‌ಲೈನಿನಲ್ಲಿ ಆಡೋಕೆ ಬಣ್ಣದ ನಕ್ಷೆ ಬರೆದು, ಒಬ್ಬೊಬ್ಬರಿಗೂ ಒಂದು ಬಿಲ್ಲೆ ಮಾಡಿ, ಹೊಳೆ ನೀರು ಹರಿಯೋ ಶಬ್ದ ಕೂಡ ಹಾಕಿದ್ದೆ. ಶನಿವಾರ ಸಂಜೆ ಎಲ್ಲರೂ ಲಾಗಿನ್ ಆದರು, ಮಾಣಿ ಬಿಟ್ಟು.

ಊರಲ್ಲಿ ನೆಟ್‌ವರ್ಕ್ ಸಿಗೋದು ಅಡಿಕೆ ಅಂಗಳದ ಮೂಲೆಯಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತರೆ. ಅಲ್ಲೂ ಎರಡೇ ಕಡ್ಡಿ. ನನ್ನ ನಕ್ಷೆ ಅವನ ಫೋನಿನಲ್ಲಿ ಅರ್ಧ ಗಂಟೆ ಸುತ್ತಿ ಸುತ್ತಿ ಕೊನೆಗೂ ತೆರೆಯಲಿಲ್ಲ. "ನೀವು ಆಡಿ ಅಣ್ಣ, ನಾನು ಸುಮ್ನೆ ಕೇಳ್ತೇನೆ" ಅಂದ. ಪುಟ್ಟಿಯೇ ಹೇಳಿದ್ದು: "ಮ್ಯಾಪ್ ಬೇಡ ಬಿಡು ಮಾವ. ನೀನು ಬಾಯಲ್ಲೇ ಹೇಳು." ಎರಡು ವಾರದ ನನ್ನ ಕೆಲಸ ಡಸ್ಟ್‌ಬಿನ್ ಸೇರಿತು. ಸಾಧಾರಣ ಫೋನ್ ಕಾಲ್, ಕಾನ್ಫರೆನ್ಸ್. ಬರೀ ದನಿ.

ಈ ಆಟದ ಇತಿಹಾಸ ಓದುತ್ತಾ ಹೋದಾಗ ಗೊತ್ತಾಯ್ತು, ಅದು ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೇ.

ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಜೋಡಿ ನಗರಗಳಲ್ಲಿ 1960ರ ದಶಕದ ಕೊನೆಗೆ ಯುದ್ಧದಾಟ ಆಡುವ ಹುಡುಗರ ಒಂದು ಗುಂಪಿತ್ತು. ಅವರಲ್ಲಿ ಡೇವಿಡ್ ವೆಸ್ಲಿ ಅನ್ನೋನಿಗೆ 1880ರ ಒಂದು ಹಳೇ ಅಮೆರಿಕನ್ ಸೈನಿಕ ಪುಸ್ತಕ ಸಿಕ್ಕಿತು. ಹೆಸರು ಸ್ಟ್ರಾಟೆಗೋಸ್. ಆಡುವವನು ಏನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತೋ ಇಲ್ಲವೋ ಮಧ್ಯಸ್ಥ ಹೇಳಲಿ ಅನ್ನೋ ಯೋಚನೆ ಅವನಿಗೆ ಅಲ್ಲಿಂದ ಬಂತು. 1969ರಲ್ಲಿ ಅವನು ಬ್ರೌನ್‌ಸ್ಟೈನ್ ಅನ್ನೋ ಕಲ್ಪನೆಯ ಊರಿನಲ್ಲಿ ಒಂದು ಆಟ ಹೂಡಿದ. ಎಣಿಸಿದ್ದಕ್ಕಿಂತ ಜಾಸ್ತಿ ಜನ ಬಂದುಬಿಟ್ಟರು. ಎಲ್ಲರಿಗೂ ಕೊಡೋಕೆ ಸೈನ್ಯ ಇಲ್ಲ. ಸರಿ, ನೀನು ಊರಿನ ಮೇಯರ್, ನೀನು ಬ್ಯಾಂಕಿನವನು, ನೀನು ವಿಶ್ವವಿದ್ಯಾಲಯದವನು ಅಂತ ಒಂದೊಂದು ಪಾತ್ರ ಹಂಚಿದ. ಜನ ಮೂಲೆ ಮೂಲೆಗೆ ಹೋಗಿ ಗುಟ್ಟಾಗಿ ಸಂಚು ಮಾಡೋಕೆ ಶುರು ಮಾಡಿದರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ಅಲ್ಲೇ ಒಂದು ಕಟ್ಟಿ ಹೇಳಿದ. ಆಟ ಪೂರ್ತಿ ಕೈಕೊಟ್ಟಿತು ಅಂದುಕೊಂಡು ಅವನು ಬೇಜಾರಲ್ಲಿದ್ದರೆ, ಆಡಿದವರು ಮತ್ತೆ ಯಾವಾಗ ಅಂತ ಕೇಳಿದರು.

ಅದೇ ಗುಂಪಿನ ಡೇವ್ ಆರ್ನೆಸನ್ 1971ರ ಹೊತ್ತಿಗೆ ಬ್ಲಾಕ್‌ಮೂರ್ ಅನ್ನೋ ಮಾಯಾಲೋಕ ಕಟ್ಟಿದ. ಕೋಟೆಯ ಕೆಳಗೆ ನೆಲಮಾಳಿಗೆ, ಅದರೊಳಗೆ ಇಳಿದು ಹೋಗುವ ಪಾತ್ರಗಳು, ಒಂದು ವಾರದ ಆಟದಿಂದ ಮುಂದಿನ ವಾರಕ್ಕೆ ಬೆಳೆಯುವ ಪಾತ್ರಗಳು. 1972ರ ಕೊನೆಗೆ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿಗೆ ಹೋಗಿ ಅದನ್ನ ಗ್ಯಾರಿ ಗೈಗ್ಯಾಕ್ಸ್‌ಗೆ ಆಡಿ ತೋರಿಸಿದ.

ಗೈಗ್ಯಾಕ್ಸ್ ಕಥೆ ನಮ್ಮಂಥ ಐಟಿಯವರು ಓದಲೇಬೇಕು. ವಿಮಾ ಕಂಪನಿಯಲ್ಲಿ ಕೆಲಸದಲ್ಲಿದ್ದವನು, 1970ರಲ್ಲಿ ಕೆಲಸ ಹೋಯ್ತು. ಸಂಸಾರ ದೊಡ್ಡದು. ಮನೆಯಲ್ಲಿ ಚಪ್ಪಲಿ ಬೂಟು ರಿಪೇರಿ ಮಾಡಿಕೊಂಡು ಇದ್ದ. ಆರ್ನೆಸನ್ ಆಟ ನೋಡಿದ ಮೇಲೆ ಅವನು ಗ್ರೇಹಾಕ್ ಅನ್ನೋ ತನ್ನದೇ ಕೋಟೆ ಬರೆದ. ಅದರೊಳಗೆ ಮೊದಲು ಇಳಿದವರು ಯಾರು ಗೊತ್ತಾ? ಅವನ ಮಗ ಅರ್ನಿ ಮತ್ತು ಮಗಳು ಎಲಿಸ್. ಮನೆ ಮಕ್ಕಳು! ಅವರು ಮಲಗಿದ ಮೇಲೆ ಅಪ್ಪ ಕೂತು ನೆಲಮಾಳಿಗೆಯ ಮುಂದಿನ ಅಂತಸ್ತು ಬರೆದ. ಇವತ್ತು ಜಗತ್ತಿನಾದ್ಯಂತ ಆಡುವ ಈ ಆಟದ ಮೊದಲ ಪರೀಕ್ಷೆ ನಡೆದಿದ್ದು ಹೀಗೆ, ಇಬ್ಬರು ಮಕ್ಕಳ ಮೇಲೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಆ ದಿನಗಳಲ್ಲಿ ಗೈಗ್ಯಾಕ್ಸ್ ಕಡತ ಇಡುವ ಕಬ್ಬಿಣದ ಬೀರುವಿನ ಡ್ರಾಯರ್ ಎಳೆದು, ಅದರ ಹಿಂದೆ ಕೂರುತ್ತಿದ್ದ, ಆಡುವವರಿಗೆ ಅವನ ಮುಖ ಕಾಣ್ತಿರಲಿಲ್ಲ, ದನಿ ಮಾತ್ರ ಕೇಳ್ತಿತ್ತು ಅಂತ ಅವತ್ತು ಆಡಿದವರು ನೆನೆಸಿಕೊಂಡಿದ್ದಾರೆ. ಬೀರುವಿನ ಹಿಂದಿನ ದನಿ. ನಮಗೆ ಬಟ್ಟೆ ಒಗೆಯೋ ಕಲ್ಲು, ಎರಡು ಕಡ್ಡಿ ಸಿಗ್ನಲ್.

ಆಟದ ಪುಸ್ತಕ ಹುಟ್ಟಿದ್ದೂ ದೂರದಿಂದಲೇ. ಆರ್ನೆಸನ್ ಒಂದು ಊರು, ಗೈಗ್ಯಾಕ್ಸ್ ಇನ್ನೊಂದು ಊರು, ನಡುವೆ 500 ಕಿಲೋಮೀಟರ್‌ಗೂ ಹೆಚ್ಚು ದಾರಿ. ಪತ್ರ ಮತ್ತು ಫೋನಿನಲ್ಲೇ ಕೆಲಸ ನಡೆಯಿತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ರಿಮೋಟ್ ಟೀಮ್. ಗೈಗ್ಯಾಕ್ಸ್ ತನ್ನ ಗೆಳೆಯ ಡಾನ್ ಕೇಯ್ ಜೊತೆ 1973ರಲ್ಲಿ ಟಿಎಸ್‌ಆರ್ ಅನ್ನೋ ಕಂಪನಿ ಮಾಡಿದ. 1974ರ ಜನವರಿಯಲ್ಲಿ 1,000 ಪ್ರತಿ. ಮೂರು ಸಣ್ಣ ಪುಸ್ತಕ, ಒಂದು ಡಬ್ಬ, ಬೆಲೆ 10 ಡಾಲರ್. ಡಬ್ಬಕ್ಕೆ ಪುಸ್ತಕ ತುಂಬಿದ್ದೂ ಮನೆಯಲ್ಲೇ ಕೂತು. ಮುಂದೆ ಆರ್ನೆಸನ್ ಮತ್ತು ಗೈಗ್ಯಾಕ್ಸ್ ನಡುವೆ ಆಟ ಯಾರದ್ದು, ಯಾರಿಗೆಷ್ಟು ಪಾಲು ಅಂತ ಜಗಳ ಬಂತು. 1979ರಲ್ಲಿ ಕೋರ್ಟಿಗೆ ಹೋಯ್ತು, 1981ರಲ್ಲಿ ರಾಜಿಯಾಯ್ತು. ಪಾಲಿನ ಜಗಳ ಎಲ್ಲಿ ಬಿಟ್ಟಿದೆ ಹೇಳಿ.

ಈಗ ಚೀಟಿಗೆ ಬರ್ತೇನೆ. 20 ಮುಖದ ದಾಳ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಮಾಣಿಗೆ ಹೇಳಿದೆ, "ನೋಟ್‌ಬುಕ್ ಹಾಳೆ ಹರಿದು ಇಪ್ಪತ್ತು ಚೀಟಿ ಮಾಡು. ಲೋಟಕ್ಕೆ ಹಾಕಿ, ಕುಲುಕಿ, ಒಂದು ತೆಗಿ." ನನ್ನದೇ ಜಾಣತನ ಅಂದುಕೊಂಡಿದ್ದೆ. ಆಮೇಲೆ ಓದಿದೆ: 1979ರ ಹೊತ್ತಿಗೆ ಆಟ ಎಷ್ಟು ಜೋರಾಗಿ ಮಾರಾಟವಾಗ್ತಿತ್ತು ಅಂದ್ರೆ, ದಾಳದ ಕೊರತೆಯಾಗಿ ಟಿಎಸ್‌ಆರ್‌ನವರು ಡಬ್ಬದಲ್ಲಿ ಅಂಕಿ ಬರೆದ ರಟ್ಟಿನ ಚೀಟಿಗಳನ್ನೇ ಹಾಕಿ ಕಳಿಸಿದ್ದರು. ಲೋಟಕ್ಕೆ ಹಾಕಿ ಒಂದೊಂದು ತೆಗೀರಿ ಅಂತ. ಅಲ್ಲಿಗೂ ಇಲ್ಲಿಗೂ ಅದೇ ಉಪಾಯ.

ಎರಡು ತಿಂಗಳು ಆಟ ಸೊಗಸಾಗಿ ನಡೀತು. ಮಾಣಿ ಪಾತ್ರ ಹೇರೆತ್ತಿನವನು, ಕಾಡಿನ ದಾರಿ ಬಲ್ಲವನು. ಅವನಿಗೆ ಕಾಡು ನಿಜವಾಗಲೂ ಗೊತ್ತಿತ್ತು. ಯಾವ ಹಕ್ಕಿ ಕೂಗಿದರೆ ಏನು, ಉಂಬಳ ಎಲ್ಲಿ ಜಾಸ್ತಿ, ಮಳೆಗಾಲದಲ್ಲಿ ಸಂಕ ಹೇಗೆ ದಾಟಬೇಕು. ಮೈಸೂರಿನ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳೋರು. ಅಪ್ಪುವಿನ ಅಜ್ಜಿಗೆ ಮಾತ್ರ ಗಾಬರಿ. ಮೊಮ್ಮಗ ರೂಮಿನೊಳಗಿಂದ "ಅವನನ್ನ ಕಟ್ಟಿಹಾಕಿ ಹೊಳೆಗೆ ಎಸೀತೀನಿ" ಅಂತ ಕೂಗೋದು ಕೇಳಿ ತುಪ್ಪದ ದೀಪ ಹಚ್ಚಿದರಂತೆ. ಅವರನ್ನ ಬಯ್ಯೋ ಹಾಗಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲೇ ಎಷ್ಟೋ ತಂದೆ ತಾಯಿ ಇದು ಮಕ್ಕಳನ್ನ ಸೈತಾನನ ಪೂಜೆಗೆ ಎಳೆಯುವ ಆಟ ಅಂತ ಹೆದರಿ ಸಂಘ ಕಟ್ಟಿ ಹೋರಾಡಿದ್ದರು.

ಜೂನ್ ಕೊನೆಯ ಒಂದು ಶನಿವಾರ ಮಾಣಿ ತೆಗೆದ ಚೀಟಿಗಳು: 17, 19, 16, 20, 18. ಐದಕ್ಕೆ ಐದೂ ದೊಡ್ಡವು. ದಾರಿಗಳ್ಳರನ್ನ ಅವನೊಬ್ಬನೇ ಓಡಿಸಿದ. ಪುಟ್ಟಿಗೆ ಅವತ್ತು ಬಿದ್ದಿದ್ದೆಲ್ಲ ಚಿಕ್ಕದು. ಗ್ರೂಪಿನಲ್ಲಿ ಒಂದೇ ಪದ ಹಾಕಿದಳು: "ಶಕುನಿ."

ನಮ್ಮಲ್ಲಿ ದಾಳ ಅಂದ ಕೂಡಲೇ ಬರುವ ಮೊದಲ ಹೆಸರು ಅದೇ ತಾನೆ? ಹರಪ್ಪ ನಾಗರಿಕತೆಯ ಅವಶೇಷಗಳಲ್ಲಿ ದಾಳ ಸಿಕ್ಕಿದೆ. ಋಗ್ವೇದದಲ್ಲಿ ಜೂಜುಗಾರನ ಅಳಲಿನ ಸೂಕ್ತವೇ ಒಂದಿದೆ. ಆದರೆ ನಮಗೆ ನೆನಪಿರೋದು ದಾಯಾದಿಗಳು, ಆಸ್ತಿ, ಮೋಸ. ಮನೆಯಲ್ಲಿ ದೊಡ್ಡವರು ಆಡಿಕೊಂಡದ್ದು ಪುಟ್ಟಿ ಕಿವಿಗೂ ಬಿದ್ದಿರಬೇಕು. "ಅವರ ಮನೆಯವರೇ ಹಾಗಂತೆ" ಅಂತ ಇನ್ನೊಂದು ಮೆಸೇಜ್ ಬಂತು. ತಕ್ಷಣ ಅಳಿಸಿದಳು. ಮಾಣಿ ಓದಿಯಾಗಿತ್ತು.

ನಾನು ಮಾಡಿದ್ದೇನು? ಇಂಜಿನಿಯರ್ ಮಾಡೋದನ್ನೇ ಮಾಡಿದೆ. "ಜಗಳ ಬೇಡ. ಮುಂದಿನ ವಾರದಿಂದ ಎಲ್ಲರೂ ಆನ್‌ಲೈನ್ ದಾಳವೇ ಒತ್ತಬೇಕು, ಏನು ಬಿತ್ತು ಅಂತ ಎಲ್ಲರಿಗೂ ಕಾಣ್ತದೆ" ಅಂದೆ. ಇದು ನನ್ನ ಒಬ್ಬನ ಬುದ್ಧಿಯಲ್ಲ. ದೂರದಿಂದ ಆಡುವವರೆಲ್ಲ ತಲೆ ಕೆಡಿಸಿಕೊಂಡ ಸಮಸ್ಯೆ ಇದು. 1959ರಲ್ಲಿ ಬಂದ ಡಿಪ್ಲೊಮಸಿ ಅನ್ನೋ ಆಟದಲ್ಲಿ ದಾಳವೇ ಇಲ್ಲ. 1963ರಿಂದ ಅದನ್ನ ಅಂಚೆಯಲ್ಲಿ ಆಡೋಕೆ ಶುರು ಮಾಡಿದಾಗ ಅದು ಸುಲಭವಾಗಿ ಒಗ್ಗಿದ್ದಕ್ಕೆ ಅದೂ ಒಂದು ಕಾರಣ. ಆದರೆ ದಾಳ ಬೇಕೇ ಬೇಕಾದ ಯುದ್ಧದಾಟಗಳನ್ನ ಅಂಚೆಯಲ್ಲಿ ಆಡುವವರು ಏನು ಮಾಡಬೇಕು? "ನನಗೆ ಆರು ಬಿತ್ತು" ಅಂತ ಕಾಗದ ಬರೆದರೆ ಯಾರು ನಂಬ್ತಾರೆ? ಅವಲಾನ್ ಹಿಲ್ ಅನ್ನೋ ಕಂಪನಿ ಒಂದು ದಾರಿ ಕಂಡುಹಿಡಿದಿತ್ತು. ಮುಂದಿನ ಒಂದು ತಾರೀಖು ಮತ್ತು ಒಂದು ಷೇರಿನ ಹೆಸರು ಮೊದಲೇ ಬರೆದು ಕಳಿಸೋದು. ಅವತ್ತಿನ ಪೇಪರಿನಲ್ಲಿ ಆ ಷೇರಿನ ವಹಿವಾಟಿನ ಕೊನೆಯ ಅಂಕಿ ಏನಿದೆಯೋ ಅದೇ ದಾಳ. ಇಬ್ಬರೂ ತಮ್ಮ ತಮ್ಮ ಊರಿನ ಪೇಪರ್ ತೆಗೆದು ನೋಡಿಕೊಳ್ಳಬಹುದು. ಆಮೇಲೆ ಕಂಪ್ಯೂಟರ್ ಬಂತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಆಡುವ ಮಡ್ ಅನ್ನೋ ಅಕ್ಷರಗಳ ಲೋಕ ಕಟ್ಟಿದರು. ಅಲ್ಲಿ ಮಧ್ಯಸ್ಥನೂ ಯಂತ್ರವೇ. 2012ರಲ್ಲಿ ಕಾಲೇಜು ಮುಗಿದು ಚದುರಿಹೋದ ಮೂವರು ರೂಮ್‌ಮೇಟ್‌ಗಳು ಆಟ ಮುಂದುವರಿಸಬೇಕು ಅಂತ ರೋಲ್ ಟ್ವೆಂಟಿ ಅನ್ನೋ ಆನ್‌ಲೈನ್ ಮೇಜು ಮಾಡಿದರು. ದಾಳ ಎಲ್ಲರ ಕಣ್ಣೆದುರಿಗೇ ಉರುಳ್ತದೆ.

ಎಲ್ಲ ಸರಿ. ಎರಡು ಕಡ್ಡಿ ಸಿಗ್ನಲ್ಲಿನವನು ಎಲ್ಲಿಗೆ ಹೋಗಬೇಕು? ಯಾರಿಗೂ ಅನ್ಯಾಯ ಆಗಬಾರದು ಅಂತ ನಾನು ತಂದ ನಿಯಮ ಒಬ್ಬನನ್ನೇ ಹೊರಗಿಟ್ಟಿತು. ಮುಂದಿನ ಶನಿವಾರ ಮಾಣಿ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಕಾಡಿನ ದಾರಿ ಬಲ್ಲವನಿಲ್ಲದೆ ಮೂವರೂ ಘಟ್ಟದ ನಡುವೆ ಸುತ್ತಾಡಿದರು. ಆಟ ಸಪ್ಪೆ. ಎರಡನೇ ವಾರ ಅಪ್ಪು ಮೆಲ್ಲಗೆ ಕೇಳಿದ, "ಮಾವ, ಎತ್ತು ಹೊಡೆಯೋರು ಯಾರು ಈಗ?"

ಮಾಣಿ ಕೈಲಿದ್ದ ಫೋನ್ ಚಿಕ್ಕಪ್ಪನದ್ದು. ಆರು ವರ್ಷದ ಮೇಲೆ ಆ ನಂಬರಿಗೆ ಕಾಲ್ ಮಾಡಿದೆ. ನಿಜವಾಗಲೂ ಕೈ ನಡುಗ್ತಿತ್ತು.

"ಚಿಕ್ಕಪ್ಪ, ನಾನು."

"ಹ್ಞಾಂ. ದನಿ ಗೊತ್ತಾಯ್ತು."

"ಮಾಣಿ ಆಟಕ್ಕೆ ಬರ್ತಾ ಇಲ್ಲ."

"ಅವನಿಗೆ ಇಷ್ಟ ಇಲ್ಲಂತೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅವನು ಸುಳ್ಳು ಹೇಳಿದ ಅಂತ ನಿಂಗೆ ಅನ್ನಿಸ್ತಾ?"

"ಇಲ್ಲ ಚಿಕ್ಕಪ್ಪ."

"ಮತ್ತೆ ನೀನೂ ಸರಪಳಿ ಹಿಡಿದು ಅಳೆಯೋಕೆ ಯಾಕೆ ಬಂದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಫೋನ್ ಮಾಣಿಗೆ ಕೊಟ್ಟರು. ಅವನು ಹೇಳಿದ್ದು ಕೇಳಿ ಹಣೆ ಚಚ್ಚಿಕೊಂಡೆ. "ಅಣ್ಣ, ತೆಗೆದ ಚೀಟಿಯನ್ನ ಮತ್ತೆ ಲೋಟಕ್ಕೆ ಹಾಕ್ಬೇಕಿತ್ತಾ? ನೀನು ಹೇಳ್ಲೇ ಇಲ್ಲ. ನಾನು ತೆಗೆದದ್ದನ್ನ ಜೇಬಿಗೆ ಹಾಕ್ತಿದ್ದೆ. ಎಲ್ಲ ಖಾಲಿಯಾದ ಮೇಲೆ ಮತ್ತೆ ತುಂಬ್ತಿದ್ದೆ."

ಅಷ್ಟೇ. ಬಗ್ ಇದ್ದಿದ್ದು ನನ್ನ ಸ್ಪೆಸಿಫಿಕೇಶನ್ನಿನಲ್ಲಿ. ಹಿಂದಿನ ಶನಿವಾರಗಳಲ್ಲಿ ಅವನ ಚಿಕ್ಕ ಸಂಖ್ಯೆಗಳೆಲ್ಲ ಖರ್ಚಾಗಿದ್ದವು. ಲೋಟದಲ್ಲಿ ಉಳಿದಿದ್ದೇ ದೊಡ್ಡವು. ಅವನು ಸಾಲು ಸಾಲಾಗಿ ಸೋತ ಸಂಜೆಗಳನ್ನ ಯಾರೂ ಲೆಕ್ಕ ಇಟ್ಟಿರಲಿಲ್ಲ, ಗೆದ್ದ ಒಂದು ಸಂಜೆ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ಪುಟ್ಟಿಗೆ ವಿವರಿಸಿದೆ. ಅವಳೇ ಮಾಣಿಗೆ ಫೋನ್ ಮಾಡಿದಳು. ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಮುಂದಿನ ಶನಿವಾರ ಹೊಸ ನಿಯಮ ಬಂತು, ಅದನ್ನ ಮಾಡಿದವಳೂ ಪುಟ್ಟಿ. ಎಲ್ಲರೂ ಲೋಟ ಇಟ್ಟುಕೊಳ್ಳಬೇಕು. ಇಪ್ಪತ್ತು ಚೀಟಿ. ತೆಗೆದದ್ದನ್ನ ವಾಪಸ್ ಹಾಕಬೇಕು. ಯಾರೂ ಯಾರಿಗೂ ತೋರಿಸೋದು ಬೇಡ, ಬಾಯಲ್ಲಿ ಹೇಳಿದರೆ ಸಾಕು. ನನ್ನ ಮೇಜಿನ ಮೇಲಿರೋದು ಆ ಲೋಟ.

ಚಿಕ್ಕಪ್ಪ ಅವತ್ತಿನಿಂದ ಮಾಣಿ ಪಕ್ಕದಲ್ಲಿ ಕೂರೋಕೆ ಶುರು ಮಾಡಿದರು. ಮಳೆ ಹಿಡಿದಿತ್ತು, ಮಗನಿಗೆ ಕೊಡೆ ಹಿಡಿಯೋ ನೆಪ. ನಮ್ಮ ಚಿಕ್ಕಪ್ಪ ಸುತ್ತಲ ಹಳ್ಳಿಗಳಲ್ಲಿ ತಾಳಮದ್ದಲೆಯ ಅರ್ಥಧಾರಿ. ಘಟ್ಟದ ಕಡೆಯವರಿಗೆ, ಕರಾವಳಿಯವರಿಗೆ ಗೊತ್ತಿರ್ತದೆ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಎದುರಿನವನು ಏನು ಹೇಳಿದನೋ ಅದಕ್ಕೆ ಅಲ್ಲೇ ಉತ್ತರ ಕಟ್ಟಬೇಕು. ಯೋಚಿಸಿ ನೋಡಿ, ಕೂತಲ್ಲೇ ಪಾತ್ರ, ಬರೀ ಮಾತು, ನಡುವೆ ನಡೆಸುವವರೊಬ್ಬರು. ಪ್ರಷ್ಯಾದ ಮೇಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಎರಡು ಊರಿನ ಜನ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಬಾವಿಗೆ ಹಗ್ಗ ಬಿಟ್ಟ ಹಾಗೆ. ಇಷ್ಟು ವರ್ಷ ನಾನು ಪುಸ್ತಕದಿಂದ ಕಲಿತದ್ದು ಗೋಡೆಯ ಆಚೆ ಬದಿಯಲ್ಲೇ ಇತ್ತು.

ಆಗಸ್ಟಿನಲ್ಲಿ ಮಕ್ಕಳು ಘಟ್ಟದ ಕೆಳಗಿನ ಸುಂಕದ ಕಟ್ಟೆಗೆ ಬಂದರು. ಮುದುಕ ಸುಂಕದವನ ಮಾತನ್ನ ನಾನು ಆಡ್ತಿದ್ದೆ. ಎರಡು ವಾಕ್ಯ ಆಗಿತ್ತೋ ಇಲ್ಲವೋ, ಆಚೆ ಕಡೆಯಿಂದ "ಥೋ, ಸುಂಕದವನು ಹಾಗೆ ಮಾತಾಡೋದಿಲ್ಲ. ಇತ್ಲಾಗೆ ಕೊಡು" ಅಂತ ಕೇಳಿಸಿತು. ಚಿಕ್ಕಪ್ಪ. ಹತ್ತು ನಿಮಿಷ ಮಾತಾಡಿದರು. ರಾಣಿಯ ಉಪ್ಪು ಉಂಡವನ ಗತ್ತು, ಮಳೆಗಾಲದಲ್ಲಿ ಬಂದ ದಾರಿಹೋಕರ ಮೇಲೆ ಕರುಣೆ, ಸುಂಕ ಬಿಟ್ಟರೆ ತನ್ನ ತಲೆ ಹೋಗುವ ಭಯ, ಎಲ್ಲ ಇತ್ತು. ಇಂಗ್ಲಿಷ್ ಮೀಡಿಯಂ ಪುಟ್ಟಿ ಅವರಿಗೆ ಕನ್ನಡದಲ್ಲಿ ಉತ್ತರ ಕೊಡಬೇಕಾಯ್ತು. ತಡವರಿಸಿದಳು, ಪದ ಸಿಗದೆ ನಿಂತಳು, ಆದರೂ ಬಿಡಲಿಲ್ಲ. "ಅಜ್ಜ, ನಿಮಗೂ ಮೊಮ್ಮಕ್ಕಳಿಲ್ವಾ?" ಅನ್ನೋ ತನಕ ಬಂದಳು. ಆಮೇಲೆ ಚೀಟಿ ತೆಗೆದಳು. "ನಾಲ್ಕು" ಅಂದಳು. ಬೇಕಾಗಿದ್ದು 13. ಸುಳ್ಳು ಹೇಳಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ.

ನಾನು ನಿಯಮ ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಅಂದರು, "ಹೋಗಿ ಮಕ್ಕಳೇ. ದಾರಿ ಬಿಟ್ಟಿದ್ದೇನೆ." ಆಮೇಲೆ ದನಿ ಬದಲಿಸ್ತಾ ನನಗೆ ಹೇಳಿದರು, "ಕೃಷ್ಣ ಸಂಧಾನದಲ್ಲಿ ಇಷ್ಟು ವರ್ಷ ಕೌರವನ ಅರ್ಥ ಹೇಳಿದೆ ನೋಡು. ಎದುರಿನ ಕೃಷ್ಣ ಎಷ್ಟೇ ಚೆನ್ನಾಗಿ ಕೇಳಲಿ, ಐದು ಊರು ಕೊಡೋ ಹಾಗೇ ಇಲ್ಲ. ಪ್ರಸಂಗ ಬಿಡೋದಿಲ್ಲ. ಇದರಲ್ಲಿ ಬಿಡಬಹುದು."

1824ರ ಲೆಫ್ಟಿನೆಂಟ್ ಆಗಿದ್ದರೆ ಕೋಷ್ಟಕ ತೋರಿಸಿ ತಡೀತಿದ್ದ. 1876ರ ಸೇನಾಧಿಕಾರಿ ತಲೆದೂಗ್ತಿದ್ದರೇನೋ. ನಾನು ಸುಮ್ಮನೆ ಕೂತೆ.

ಮರುದಿನ ಬೆಳಿಗ್ಗೆ ಅಪ್ಪಯ್ಯನ ಫೋನ್ ಬಂತು. ಅಡಿಕೆ ಅಂಗಳಕ್ಕೆ ಗೋಡೆ ಇಲ್ಲ, ದನಿ ಈ ಬದಿಗೂ ಬರ್ತದೆ. ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದು, ಮಳೆ, ಅಮ್ಮನ ಮೊಣಕಾಲು ನೋವು ಎಲ್ಲ ಹೇಳಿ, ಫೋನ್ ಇಡೋ ಮುಂಚೆ ಅಂದರು: "ಅವನ ಅರ್ಥ ಕೇಳದೆ ಬಹಳ ವರ್ಷ ಆಗಿತ್ತು."

ಜಗುಲಿಯ ಗೋಡೆ ಇನ್ನೂ ಇದೆ. ದಾರಿಯ ತಕರಾರೂ ಇದೆ. 2024ಕ್ಕೆ ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆ 50 ವರ್ಷ ತುಂಬಿತು. ನಮ್ಮ ಶನಿವಾರದ ಆಟ ಅದರ ಮುಂದೆ ಎಷ್ಟರದ್ದು? ಆದರೆ ನಿಂತಿಲ್ಲ. ಮಾಣಿ ಈಗ ಶಿವಮೊಗ್ಗದಲ್ಲಿ ಓದ್ತಿದ್ದಾನೆ, ಅವನ ರೂಮಲ್ಲಿ ನಾಲ್ಕು ಕಡ್ಡಿ ಸಿಗ್ನಲ್. ಆದರೂ ನಕ್ಷೆ ಬೇಕು ಅಂತ ಯಾರೂ ಕೇಳಿಲ್ಲ. ಕಥೆ ನಡೆಸೋದು ಈಗ ಪುಟ್ಟಿ. ನಾನು ಅವಳ ಕಥೆಯಲ್ಲಿ ಕಿವಿ ಸರಿಯಾಗಿ ಕೇಳದ ಒಬ್ಬ ದೋಣಿಯವನು. ಕಳೆದ ವಾರ ಹೊಳೆ ನಡುವೆ ದೋಣಿಗೆ ನೀರು ನುಗ್ಗಿತು.

"ಮಾವ, ಏನು ಮಾಡ್ತೀಯಾ?" ಅಂದಳು.

ಲೋಟ ಕುಲುಕಿ ಒಂದು ಚೀಟಿ ತೆಗೆದೆ. ಎರಡು. ಹಾಗೇ ಹೇಳಿದೆ.